ಅದು ಅವರ ಮನೆ ವಿಷಯ ಅನ್ನಬೇಡಿ

ಮಾನ್ಯರೇ,

ಗಂಡ ಹೆಂಡತಿ ಜಗಳ, ನಾವ್ಯಾಕೆ ಮಧ್ಯೆ ಹೋಗೋದು ಅಂತ ಪಕ್ಕದವರು ಬಾಗಿಲು ಹಾಕಿಕೊಳ್ಳುತ್ತಾರೆ. ಹೊಡೆಯುವವನಿಗೆ ಅಷ್ಟೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 3 ಹೆಂಗಸರಲ್ಲಿ ಒಬ್ಬರು ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ, ಹೆಚ್ಚಿನದು ಸಂಗಾತಿಯಿಂದಲೇ. ಏಟು ಬೀಳುವುದು ಅವಳೊಬ್ಬಳಿಗಾದರೂ, ಮೂಲೆಯಲ್ಲಿ ಮುದುಡಿ ಕೂತು ಎಲ್ಲ ಕೇಳಿಸಿಕೊಳ್ಳುವ ಮಗುವಿಗೆ ನಿದ್ದೆ ಬರುವುದಿಲ್ಲ, ಪಾಠ ತಲೆಗೆ ಹತ್ತುವುದಿಲ್ಲ, ಕೆಲವರು ದೊಡ್ಡವರಾದ ಮೇಲೆ ಅದನ್ನೇ ಮಾಡುತ್ತಾರೆ ಇಲ್ಲವೇ ಸಹಿಸುತ್ತಾರೆ. ಅವಳು ಕೆಲಸಕ್ಕೆ ರಜೆ ಹಾಕುತ್ತಾಳೆ, ಆಸ್ಪತ್ರೆಯಲ್ಲಿ ಜಾರಿ ಬಿದ್ದೆ ಅನ್ನುತ್ತಾಳೆ. ‘ಬಿಟ್ಟು ಬರಬಹುದಿತ್ತು ಅಲ್ವಾ’ ಅಂತ ಸುಮ್ನೆ ಕೇಳಬೇಡಿ. ಕೈಯಲ್ಲಿ ದುಡ್ಡಿರುವುದಿಲ್ಲ, ಮಕ್ಕಳಿರುತ್ತಾರೆ, ಬಿಟ್ಟು ಹೊರಡುವ ಹೊತ್ತಿನಲ್ಲೇ ಪ್ರಾಣಕ್ಕೆ ಅಪಾಯ ಜಾಸ್ತಿ. ಯಾಕೆ ಹೊಡೆದೆ ಅಂತ ಮೊದಲು ಅವನನ್ನು ಕೇಳಿ. ಅವಳು ಬಂದು ಹೇಳಿಕೊಂಡರೆ ನಂಬಿ, ಆ ರಾತ್ರಿ ಇರಲು ಜಾಗ ಕೊಡಿ.

– ಒಬ್ಬ ಓದುಗ