ಮನೆಯಿಲ್ಲದವರಿಗೆ ನೆರವು: ಸದಸ್ಯರ ಗಮನಕ್ಕೆ

ಸದಸ್ಯರಿಗೆ ನಮಸ್ಕಾರ. ರಾತ್ರಿ ಬಸ್ ನಿಲ್ದಾಣದಲ್ಲೋ ಅಂಗಡಿಯ ಜಗಲಿಯ ಮೇಲೋ ಮಲಗುವವರನ್ನು ಕಂಡಾಗ ಅವರ ಫೋಟೊ ತೆಗೆದು ನಮ್ಮ ಈ ಗುಂಪಿನಲ್ಲಿ ಹಾಕುವ ಬದಲು, ಮೊದಲು ಅವರ ಒಪ್ಪಿಗೆ ಕೇಳಿ, ನಗರಸಭೆ ಅಥವಾ ಪಾಲಿಕೆಯ ಕಚೇರಿಯಿಂದ ಹತ್ತಿರದ ವಸತಿರಹಿತರ ಆಶ್ರಯ ಕೇಂದ್ರದ ವಿಳಾಸ ಪಡೆದು ತಿಳಿಸಬೇಕೆಂದು ಕೋರುತ್ತೇವೆ. ಮಕ್ಕಳಿದ್ದರೆ 1098, ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ 181, ಹಿರಿಯರಿಗಾಗಿ 14567 ಸಂಖ್ಯೆಗೆ ಕರೆ ಮಾಡಬಹುದು. ಆಶ್ರಯ ಕೇಂದ್ರವೇ ಬೇರೆ, ಭಿಕ್ಷೆ ಬೇಡುವವರನ್ನು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಇರಿಸುವ ನಿರಾಶ್ರಿತರ ಪರಿಹಾರ ಕೇಂದ್ರವೇ ಬೇರೆ. ಕೂಲಿ ಮಾಡಿ ಬದುಕುವವರನ್ನು ಎರಡನೆಯದಕ್ಕೆ ಕಳುಹಿಸುವುದು ಅನ್ಯಾಯವೆಂದೇ ನಮ್ಮ ಭಾವನೆ. ಇನ್ನು ಸ್ವಂತ ಮನೆ ಬಯಸುವವರು ಗಮನಿಸಿ: ಹಳ್ಳಿಗಳಲ್ಲಿ ಬಸವ ವಸತಿ ಮುಂತಾದ ಯೋಜನೆಗಳಿಗೆ ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ ಆಯ್ಕೆ ಮಾಡುವುದರಿಂದ, ದಲ್ಲಾಳಿಗಳಿಗೆ ಹಣ ಕೊಡದೆ, ಸಭೆಯ ದಿನ ದಾಖಲೆಗಳೊಡನೆ ಖುದ್ದಾಗಿ ಹಾಜರಿರಬೇಕು.