ಮಾವಿನ ಸುಗ್ಗಿಗೆ ಮುಂಚೆ

ಶ್ರೀನಿವಾಸಪುರ

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಈ ಸಲ ಬಾದಾಮಿ, ರಸಪುರಿಯನ್ನು ಮಂಡಿಗೆ ಹಾಕದೆ ಬೆಂಗಳೂರಿನ ಮನೆಗಳಿಗೇ ಕಳಿಸಬೇಕೆಂದಿದ್ದೀಯ, ಸಂತೋಷ. ಆದರೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ಎಲ್ಲಕ್ಕೂ ಒಟ್ಟಿಗೆ ಕೈ ಹಾಕಬೇಡ ಕಣೋ. ಮೇ ತಿಂಗಳಲ್ಲಿ ಶುರುವಾದರೆ ಜುಲೈಗೆ ಸುಗ್ಗಿ ಮುಗಿಯಿತು. ನೀನು ಫಾಲೋವರ್ಸ್ ಬೆಳೆಸುವವರೆಗೆ ಹಣ್ಣು ಕಾಯುವುದಿಲ್ಲ. ಒಮ್ಮೆ ಕೊಂಡವರ ಫೋನ್ ನಂಬರೇ ನಿನ್ನ ಆಸ್ತಿ. ಅದಕ್ಕೇ ವ್ಯಾಪಾರಿಗಳಿಗೆಂದೇ ಇರುವ ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಿಡಿ, ಮಿಕ್ಕಿದ್ದು ಆಮೇಲೆ.

ವ್ಯಾಪಾರಕ್ಕೆ ಬೇರೆ ಸಿಮ್ ತಗೋ. ಆ್ಯಪ್‌ನಲ್ಲಿ ಸರಕು ತೋರಿಸುವ ಪಟ್ಟಿಯಾದ ಕ್ಯಾಟಲಾಗ್‌ನಲ್ಲಿ ಮೂರು ನಾಲ್ಕು ಬಗೆಯ ಬಾಕ್ಸ್ ಸಾಕು. ಬೆಲೆ, ತೂಕ, 3 ಕೆಜಿಗೆ ಎಷ್ಟು ಹಣ್ಣು, ತಲುಪಿದ ಎಷ್ಟು ದಿನಕ್ಕೆ ಮಾಗುತ್ತದೆ, ಎಲ್ಲಾ ಬರಿ. ‘ಬೆಲೆಗೆ ಮೆಸೇಜ್ ಮಾಡಿ’ ಅಂತ ಮಾತ್ರ ಹಾಕಬೇಡ, ಅರ್ಧ ಜನ ಕೇಳದೇ ಹೋಗುತ್ತಾರೆ. ಒಂದೇ ಮೆಸೇಜನ್ನು ಎಲ್ಲರಿಗೂ ಬೇರೆಬೇರೆಯಾಗಿ ತಲುಪಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಮಾಡು, ಒಂದು ಪಟ್ಟಿಗೆ ಹೆಚ್ಚೆಂದರೆ 256 ಜನ. ನಿನ್ನ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಆ ಮೆಸೇಜ್ ಹೋಗುವುದೇ ಇಲ್ಲ. ‘ಕಳಿಸಿದೆ, ಯಾರೂ ಉತ್ತರಿಸಲಿಲ್ಲ’ ಅನ್ನುವವರು ಬಹಳ ಮಂದಿ ಎಡವುವುದು ಇಲ್ಲೇ. ಪ್ರತಿ ಬಾಕ್ಸಿನೊಳಗೆ ಚೀಟಿ ಇಡು: ಹಣ್ಣನ್ನು ಹುಲ್ಲಿನ ಮೇಲೆ ಬಿಡಿಬಿಡಿಯಾಗಿ ಇಡಿ, ಮಾಗುವ ಮುಂಚೆ ಫ್ರಿಜ್ ಬೇಡ, ಈ ನಂಬರ್ ಸೇವ್ ಮಾಡಿ. ವಾರಕ್ಕೆ ಎರಡು ಮೆಸೇಜ್ ದಾಟಬಾರದು. ಬೇಸತ್ತು ಜನ ರಿಪೋರ್ಟ್ ಮಾಡಿದರೆ ನಂಬರೇ ಬ್ಯಾನ್ ಆಗಬಹುದು.

ಒಂದೊಂದೇ ಬಾಕ್ಸನ್ನು ಕೊರಿಯರ್‌ಗೆ ಕೊಟ್ಟರೆ ಲಾಭವೆಲ್ಲ ಬಾಡಿಗೆಗೇ ಸರಿಹೋಗುತ್ತದೆ, ಹಣ್ಣೂ ಜಜ್ಜುತ್ತದೆ. ಒಂದು ಅಪಾರ್ಟ್‌ಮೆಂಟ್, ಒಂದು ಗೇಟು, ಒಂದೇ ದಿನ, ಕನಿಷ್ಠ 20 ಬಾಕ್ಸ್. ಅಲ್ಲಿನ ಒಬ್ಬರು ಆರ್ಡರ್ ಕೂಡಿಸಿಕೊಟ್ಟರೆ ಅವರಿಗೊಂದು ಬಾಕ್ಸ್ ಉಚಿತ. ಗುರುವಾರ ರಾತ್ರಿ 8ಕ್ಕೆ ಆರ್ಡರ್ ಬಂದ್, ಶುಕ್ರವಾರ ಕೊಯ್ಲು, ಶನಿವಾರ ಬೆಳಿಗ್ಗೆ ಗೇಟಿನಲ್ಲಿ ಗಾಡಿ. ಆರ್ಡರ್ ಬಂದಷ್ಟೇ ಕೊಯ್ದರೆ ಉಳಿಕೆ ಕೊಳೆಯುವ ಚಿಂತೆಯಿಲ್ಲ.

ವಾಟ್ಸಾಪ್ ಕುದುರಿದ ಮೇಲೆ ಇನ್‌ಸ್ಟಾಗ್ರಾಂನ ಕಿರು ವಿಡಿಯೋ, ಅಂದರೆ ರೀಲ್ಸ್‌ಗೆ ತೋಟದ ಕೆಲಸವನ್ನೇ ತೋರಿಸು. ಫೋನ್ ನೆಟ್ಟಗೆ ಹಿಡಿ, ಬೆಳಗಿನ ಬೆಳಕು, 20-30 ಸೆಕೆಂಡ್. ದೋಟಿಯಿಂದ ತೊಟ್ಟಿನ ಸಮೇತ ಕಿತ್ತ ಕಾಯಿ, ತೊಟ್ಟು ಮುರಿದಾಗ ಚಿಮ್ಮುವ ಸೊನೆ, ಸೊನೆ ಇಳಿಯಲು ತಲೆಕೆಳಗಾಗಿ ಜೋಡಿಸಿಟ್ಟ ಕಾಯಿಗಳು. ಸೊನೆ ತಾಗಿದ ಸಿಪ್ಪೆ ಸುಟ್ಟಂತೆ ಕಪ್ಪಾಗುತ್ತದೆ. ಇದನ್ನು ನೋಡಿದ್ದವರು ಕಲೆ ಕಂಡರೆ ‘ಕಾರ್ಬೈಡ್ ಹಾಕಿದ್ದೀರಾ’ ಎಂದು ಕೇಳುವುದಿಲ್ಲ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದಕ್ಕೆ ನಿಷೇಧವಿದೆ, ನೀನು ಹುಲ್ಲಿನಲ್ಲಿಟ್ಟು ಮಾಗಿಸುವುದನ್ನೂ ತೋರಿಸು. ಬಣ್ಣ ಹೆಚ್ಚಿಸುವ ಫಿಲ್ಟರ್ ಬೇಡ. ಬಾಕ್ಸ್ ತೆರೆದಾಗ ಕಾಣುವ ಬಣ್ಣವೇ ವಿಡಿಯೋದಲ್ಲಿಯೂ ಇರಲಿ.

ಜಾಹೀರಾತಿಗೆ ಪೋಸ್ಟಿನ ಜೊತೆ ಬರುವ ‘ಬೂಸ್ಟ್’ ಬಟನ್ ಸುಮ್ಮನೆ ಒತ್ತಬೇಡ, ಕೊಳ್ಳದವರ ಲೈಕ್‌ಗಳಿಗೇ ದುಡ್ಡು ಹೋಗಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ಹಾಕುವ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ವಾಟ್ಸಾಪ್‌ಗೆ ಮೆಸೇಜ್ ಬರುವ ಬಗೆಯನ್ನು ಆರಿಸು, ನೀನು ಗಾಡಿ ಕಳಿಸುವ ಬಡಾವಣೆಯ ಸುತ್ತ ಮಾತ್ರ ತೋರಲಿ. ದಿನಕ್ಕೆ 200 ರೂಪಾಯಿ, 5 ದಿನ. ಶೇ 18 ಜಿಎಸ್‌ಟಿ ಸೇರಿ 1,180. ಅದರಿಂದ ಎಂಟು ಬಾಕ್ಸ್ ಮಾರಿದರೆ ಬಾಕ್ಸಿಗೆ ಸುಮಾರು 148 ರೂಪಾಯಿ ಖರ್ಚು ಬಿದ್ದಂತೆ. ಅಷ್ಟು ಲಾಭ ಒಂದು ಬಾಕ್ಸಿನಲ್ಲಿಲ್ಲ ಅಂದರೆ ಅವತ್ತೇ ನಿಲ್ಲಿಸು.

ದುಡ್ಡಿನ ಸ್ಕ್ರೀನ್‌ಶಾಟ್ ನಂಬಬೇಡ, ಖಾತೆ ನೋಡಿಯೇ ಬಾಕ್ಸ್ ಕೊಡು. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ, ಯಾರಾದರೂ ಒತ್ತಲು ಹೇಳಿದರೆ ಫೋನ್ ಇಡು. ನಿನ್ನ ವಾಟ್ಸಾಪನ್ನು ಬೇರೆಯವರು ಕದಿಯದಂತೆ ಅದರ ‘ಟು-ಸ್ಟೆಪ್ ವೆರಿಫಿಕೇಶನ್’ನಲ್ಲಿ 6 ಅಂಕಿಯ ಪಿನ್ ಇವತ್ತೇ ಹಾಕು.

ಕ್ಯಾಟಲಾಗ್ ಬರೆದ ಮೇಲೆ ನನಗೊಮ್ಮೆ ಕಳಿಸು, ತೂಕ ಮತ್ತು ಬೆಲೆ ಇಬ್ಬರೂ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಮ್ಮ