ಆ ಮೂಟೆ ಎಲ್ಲಿಯದು, ಸಚಿವರೇ?

ಮಾನ್ಯ ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಸಚಿವರಿಗೆ,

ನಮಸ್ಕಾರ. ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಜೀವಸಂಪತ್ತನ್ನು ವ್ಯಾಪಾರಕ್ಕೆ ಬಳಸುವ ಮುನ್ನ ರಾಜ್ಯ ಮಂಡಳಿಗೆ ತಿಳಿಸಬೇಕು (ಸೆಕ್ಷನ್ 7), ಲಾಭದಲ್ಲಿ ಸ್ಥಳೀಯರಿಗೂ ನ್ಯಾಯವಾದ ಪಾಲಿರಬೇಕು (21), ಊರೂರಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು (41) ಎಂಬುದನ್ನು ತಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಬೇಡಿಕೆ ಒಂದೇ: ಕಾಡಿನಿಂದ ಇಳಿಯುವ ಪ್ರತಿ ಮೂಟೆಯ ಜೊತೆ ಅದು ಯಾವ ಗ್ರಾಮಸಭೆಯದು ಎಂಬ ಚೀಟಿ ಇರಲಿ, ಆ ಚೀಟಿ ಕಂಪನಿಯ ಬಾಗಿಲವರೆಗೂ ಹೋಗಲಿ.

ನೆಲ್ಲಿಕಾಯಿಯ ದಾರಿಯನ್ನೇ ನೋಡಿ. ಕಾಡಿನ ಬುಡಕಟ್ಟು ಜನರಾದ ಸೋಲಿಗರು ಕಿತ್ತು ತಂದದ್ದನ್ನು ಅವರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿ ತೂಗಿಕೊಳ್ಳುತ್ತದೆ. ಅಲ್ಲಿಯವರೆಗೆ ಯಾರು ತಂದರು, ಎಷ್ಟು ಕಿಲೋ, ಎಲ್ಲಕ್ಕೂ ಲೆಕ್ಕವಿದೆ. ಟೆಂಡರ್ ಹಿಡಿದ ವ್ಯಾಪಾರಿಯ ಗೋದಾಮಿಗೆ ಹೋದ ಮೇಲೆ ಬೇರೆ ಬೆಟ್ಟದ, ಬೇರೆ ರಾಜ್ಯದ ಕಾಯಿಯೂ ಅದರೊಳಗೆ ಬೆರೆಯುತ್ತದೆ. ಮುಂದಿನ ಬಿಲ್ಲಿನಲ್ಲಿ ಉಳಿಯುವುದು ‘ಒಣ ನೆಲ್ಲಿ, ಇಷ್ಟು ಟನ್’ ಅಷ್ಟೇ. ಪುಡಿ ಮಾಡುವವನ ಕೈ ದಾಟಿ ಔಷಧ ಕಂಪನಿಗೆ ಮುಟ್ಟುವಾಗ ಅದು ಊರು ಕೇರಿ ಇಲ್ಲದ ಸರಕು. ಪಾಚಿ, ಸೀಗೆ, ಅಂಟುವಾಳದ ಪಾಡೂ ಇದೇ. ಎಲ್ಲಿಂದ ತಂದಿರಿ ಎಂದರೆ ಕಂಪನಿಯ ಉತ್ತರ: ಮಾರುಕಟ್ಟೆಯಿಂದ. ನೆಲ್ಲಿಕಾಯಿ ಮಾರುಕಟ್ಟೆಯಲ್ಲೇ ಬೆಳೆಯುತ್ತದೆ ಎಂದು ನಂಬುವ ಕಚೇರಿಗಳಿಗೆ ಈ ಉತ್ತರ ಸಾಕಾಗುತ್ತದೆ.

ಪಾಲು ತಪ್ಪುವುದು ಇಲ್ಲಿಯೇ. 2014ರ ನಿಯಮಾವಳಿ ಪ್ರಕಾರ ಲಾಭದ ಪಾಲಿನಲ್ಲಿ ನೂರಕ್ಕೆ 95 ಭಾಗ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಅಥವಾ ಹಕ್ಕುದಾರರಿಗೆ ಸೇರಬೇಕಿತ್ತು. ಹಕ್ಕುದಾರರು ಗೊತ್ತಾಗದಿದ್ದರೆ ವಸ್ತು ಬಂದ ಜಾಗದ ಸಂರಕ್ಷಣೆಗಾದರೂ ಆ ಹಣ ಹೋಗಬೇಕಿತ್ತು. ಜಾಗವೇ ಗೊತ್ತಿಲ್ಲದಿದ್ದರೆ? ಹಣ ಉಂಟು, ವಿಳಾಸವಿಲ್ಲ.

ಊರಿನ ಗಿಡಮರ, ಜೀವಿ, ಅವುಗಳ ತಿಳಿವನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಇದೆಯಲ್ಲ ಎನ್ನುತ್ತೀರಿ. 2020ರ ಜನವರಿ 31ರೊಳಗೆ ಮುಗಿಸದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದು ಹಸಿರು ನ್ಯಾಯಮಂಡಳಿ ಗದರಿದ ಮೇಲೆ ತರಾತುರಿಯಲ್ಲಿ ತುಂಬಿದ ಪುಟಗಳು ಎಷ್ಟೆಂದು ತಮ್ಮ ಇಲಾಖೆಗೇ ಗೊತ್ತು. ಬೇವು, ತುಳಸಿ ಎಲ್ಲ ಊರಿನಲ್ಲೂ ಇವೆ. ಮಾಗಳಿ ಬೇರು ಯಾವ ಇಳಿಜಾರಿನದು, ಎಷ್ಟು ಅಗೆದರೆ ಬಳ್ಳಿ ಮತ್ತೆ ಚಿಗುರುತ್ತದೆ ಎಂಬುದು ಪೋಡಿನ, ಅಂದರೆ ಸೋಲಿಗರ ಹಟ್ಟಿಯ, ಹಿರಿಯರನ್ನು ಕೂರಿಸಿ ಕೇಳದೆ ಪುಸ್ತಕಕ್ಕೆ ಬರುವುದಿಲ್ಲ.

ದೇಶೀ ಕಂಪನಿಗಳೂ ಪಾಲು ಕೊಡಲೇಬೇಕೆಂದು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ಹೇಳಿತು. ಆಮೇಲೆ ಬಂದದ್ದು ಜೀವವೈವಿಧ್ಯ ಕಾಯ್ದೆಗೆ 2023ರ ತಿದ್ದುಪಡಿ, ಅದರಲ್ಲಿ ‘ಗ್ರಂಥಸ್ಥ ಪಾರಂಪರಿಕ ಜ್ಞಾನ’ಕ್ಕೆ ವಿನಾಯಿತಿ. ಓದು ಬಾರದ ಅಜ್ಜಿಯ ತಿಳಿವನ್ನು ಯಾರೋ ಪುಸ್ತಕಕ್ಕೆ ಏರಿಸಿದರೆ ಅವಳ ಪಾಲಿಗೇ ಕತ್ತರಿ! 2014ರ ದರದಲ್ಲಿ, ಮಾರಾಟದ ಲೆಕ್ಕ ಹಿಡಿದರೆ, 4 ಕೋಟಿ ವಹಿವಾಟಿನ ಕಂಪನಿ ಶೇ 0.5ರಂತೆ 2 ಲಕ್ಷ ಕಟ್ಟಬೇಕಿತ್ತು. 2025ರ ನಿಯಮಾವಳಿಯಲ್ಲಿ 5 ಕೋಟಿವರೆಗೆ ಸೊನ್ನೆ. ಅದೆಲ್ಲ ದಿಲ್ಲಿಯದು ಎನ್ನಬಹುದು. ಒಪ್ಪೋಣ. ಚೀಟಿ ದಿಲ್ಲಿಯದಲ್ಲ.

ಅದಕ್ಕೆ ಹೊಸ ಕಾನೂನೂ ಬೇಡ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿ ಕಿರು ಅರಣ್ಯ ಉತ್ಪನ್ನದ ಸಾಗಣೆ ರಹದಾರಿಯನ್ನು ಗ್ರಾಮಸಭೆಯ ಸಮಿತಿಯ ಕೈಗೇ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಲವು ಪೋಡುಗಳಿಗೆ 2011ರಲ್ಲೇ ಸಮುದಾಯ ಹಕ್ಕುಪತ್ರ ಸಿಕ್ಕಿದೆ. ಈ ರಹದಾರಿಯೇ ನಮ್ಮ ಚೀಟಿ. ಕ್ರಮಸಂಖ್ಯೆ ಇರುವ ಮೂರು ಪ್ರತಿಯ ರಹದಾರಿ ಪುಸ್ತಕ ಅಚ್ಚು ಹಾಕಿಸಿ: ಒಂದು ಸರಕಿನ ಜೊತೆ, ಒಂದು ಲ್ಯಾಂಪ್ಸ್‌ಗೆ, ಒಂದು ನಿರ್ವಹಣಾ ಸಮಿತಿಗೆ. ವ್ಯಾಪಾರಿ ಬೆರೆಸಲಿ, ಬೇಡ ಎನ್ನುವುದಿಲ್ಲ. ಆದರೆ ಯಾವ ಸಂಖ್ಯೆಯದು ಎಷ್ಟು ಕ್ವಿಂಟಾಲ್ ಎಂದು ಬಿಲ್ಲಿನಲ್ಲಿ ನಮೂದಿಸಲಿ. ರಹದಾರಿ ಸಂಖ್ಯೆ ಇಲ್ಲದ ಕಾಡುತ್ಪನ್ನದ ಲೆಕ್ಕವನ್ನು ರಾಜ್ಯ ಜೀವವೈವಿಧ್ಯ ಮಂಡಳಿ ಒಪ್ಪದಿರಲಿ.

ಕೇರಳದ ಕಾಣಿ ಬುಡಕಟ್ಟು ಜನರಿಗೆ ಆರೋಗ್ಯಪಚ್ಚೆ ಎಂಬ ಔಷಧಿ ಗಿಡದ ಪರವಾನಗಿ ಶುಲ್ಕದಲ್ಲಿ ಅರ್ಧ ಪಾಲು ಸಿಕ್ಕದ್ದು ಈ ಕಾಯ್ದೆ ಹುಟ್ಟುವ ಮೊದಲೇ, 1990ರ ದಶಕದಲ್ಲಿ. ಗಿಡ ತೋರಿಸಿದವರು ಯಾರೆಂದು ಅಲ್ಲಿ ಗೊತ್ತಿತ್ತು. ಇಲ್ಲಿಯೂ ಗೊತ್ತಿದೆ, ಬರೆದಿಡುತ್ತಿಲ್ಲ.

ಮುಂದಿನ ನೆಲ್ಲಿ ಕೊಯ್ಲಿಗೆ ಮುನ್ನ ಆ ರಹದಾರಿ ಪುಸ್ತಕ ಆದಿವಾಸಿಗಳ ಪೋಡು, ಹಾಡಿಗಳಿಗೆ ತಲುಪಲಿ. ಸಮಿತಿ ರಚಿಸಿ ವರದಿ ತರಿಸುತ್ತೇವೆ ಎಂಬ ಉತ್ತರ ದಯವಿಟ್ಟು ಬೇಡ. ಚೀಟಿ ಬೇಕು.

ಇಂತಿ,
ಕಿರು ಅರಣ್ಯ ಉತ್ಪನ್ನದ ಲೆಕ್ಕ ನೋಡುವ ನಾಗರಿಕರು